ಅಂಗಳದ ಹಳೆಯ ಬೆಂಚು, ಕುರ್ಚಿಗಳಿಗೆ ಮಕ್ಕಳನ್ನು ಸೇರಿಸಿಕೊಂಡು ಬಣ್ಣ ಬಳಿಯಬಹುದೇ?

ಪ್ರಶ್ನೆ: ನಮ್ಮ ಮನೆ ಕುಂದಾಪುರದ ಹತ್ತಿರ, ಸಮುದ್ರದಿಂದ ಒಂದು ಕಿಲೋಮೀಟರ್ ಒಳಗೆ. ಅಂಗಳದಲ್ಲಿ ತಂದೆಯವರ ಕಾಲದ ಕಬ್ಬಿಣದ ಬೆಂಚು ಇದೆ, ಸುಮಾರು 35 ವರ್ಷ ಹಳೆಯದು. ಆರು ವರ್ಷದ ಹಿಂದೆ ಕೊಂಡ ಎರಡು ಪೈಪ್ ಕುರ್ಚಿಗಳಿವೆ. ಜಗಲಿಯ ಹೊರಗೆ ಸಾಗುವಾನಿ ಮರದ ಬೆಂಚು, ಅದಕ್ಕೆ ತಂದೆಯವರು ಪ್ರತಿ ವರ್ಷ ಗೇರೆಣ್ಣೆ ಹಚ್ಚುತ್ತಿದ್ದರು. ಎರಡು ವರ್ಷದ ಹಿಂದೆ ಮೂರಕ್ಕೂ ರೆಡ್ ಆಕ್ಸೈಡ್ ಕೊಟ್ಟು ಹಸಿರು ಎನಾಮೆಲ್ ಹೊಡೆಸಿದೆವು. ಒಂದೇ ಮಳೆಗಾಲಕ್ಕೆ ಕುರ್ಚಿಯ ಬಣ್ಣ ಹಾವಿನ ಪೊರೆಯಂತೆ ಕಳಚಿತು. ಕಬ್ಬಿಣದ ಬೆಂಚಿನಲ್ಲಿ ಗುಳ್ಳೆ ಎದ್ದು ತುಕ್ಕು ಇಳಿಯುತ್ತಿದೆ. ಮರದ ಬೆಂಚು ಬಿಸಿಲೇರಿದರೆ ಈಗಲೂ ಕೈಗೆ ಅಂಟುತ್ತದೆ. ಈ ಸಲ ನಾವೇ, ಆರು ಮತ್ತು ಹನ್ನೊಂದು ವರ್ಷದ ಮಕ್ಕಳನ್ನೂ ಸೇರಿಸಿಕೊಂಡು ಮಾಡೋಣ ಎಂದುಕೊಂಡಿದ್ದೇವೆ. ಕಳೆದ ವಾರ ದೊಡ್ಡವನು ತಂತಿ ಬ್ರಷ್ ಹಿಡಿದು ಬೆಂಚನ್ನು ಸ್ವಲ್ಪ ಉಜ್ಜಿದ. ಹಳೆಯ ಬಣ್ಣದಲ್ಲಿ ಸೀಸ ಇರುತ್ತದೆ ಎಂದು ಆಮೇಲೆ ಯಾರೋ ಹೇಳಿದರು. ಮನೆಯಲ್ಲಿ ನಾದಿನಿ ಐದು ತಿಂಗಳ ಬಸುರಿ. ಕೆಲಸ ಕೈಬಿಡಬೇಕೇ?

ಉತ್ತರ: ಕೈಬಿಡಬೇಕಾಗಿಲ್ಲ. ಆದರೆ ಯಾವ ಕೆಲಸ ಯಾರು ಮಾಡಬೇಕು ಎಂಬುದನ್ನು ಮೊದಲೇ ಬೇರ್ಪಡಿಸಿಕೊಳ್ಳಿ. ಉಜ್ಜುವುದು, ಕೆರೆಯುವುದು ದೊಡ್ಡವರ ಕೆಲಸ, ಅದೂ ಒದ್ದೆಯಾಗಿ. ಮಕ್ಕಳು ಬರುವುದು ಹಳೆಯ ಬಣ್ಣವನ್ನೆಲ್ಲ ಪ್ರೈಮರ್ (ಬಣ್ಣಕ್ಕೆ ಮೊದಲು ಬಳಿಯುವ ತಳದ ಲೇಪ) ಮುಚ್ಚಿದ ಮೇಲೆ. ನಾದಿನಿಯವರು ಉಜ್ಜುವ ದಿನ, ಎನಾಮೆಲ್ ಬಳಿಯುವ ದಿನ ಎರಡರಲ್ಲೂ ಅಂಗಳಕ್ಕೆ ಬರುವುದು ಬೇಡ.

ಮೊದಲು ನಿಮ್ಮ ಆತಂಕದ ವಿಷಯ. ಮನೆಬಳಕೆಯ ಮತ್ತು ಅಲಂಕಾರಿಕ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಹೊರಬಿದ್ದದ್ದು 2016ರ ನವೆಂಬರ್‌ನಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ಅದಕ್ಕೂ ಹಿಂದಿನ ಎನಾಮೆಲ್‌ಗಳಲ್ಲಿ, ಅದರಲ್ಲೂ ಹಳದಿ, ಕೇಸರಿ, ಕೆಂಪು, ಹಸಿರು ಬಣ್ಣಗಳಲ್ಲಿ ಸೀಸದ ಕ್ರೋಮೇಟ್ ಧಾರಾಳವಾಗಿ ಬಳಕೆಯಲ್ಲಿತ್ತು. ಬೇಗ ಒಣಗಲೆಂದು ಬೆರೆಸುತ್ತಿದ್ದ ದ್ರವ್ಯಗಳಲ್ಲೂ ಸೀಸ ಇತ್ತು. ಹಾಗಾಗಿ 35 ವರ್ಷದ ಬೆಂಚಿನ ತಳದ ಪದರಗಳಲ್ಲಿ ಸೀಸ ಇದೆ ಎಂದೇ ತಿಳಿದು ನಡೆಯಿರಿ. ಕಳಚಿದ ಒಂದು ಚಕ್ಕೆಯನ್ನು ಬೆಳಕಿಗೆ ಹಿಡಿದು ಅದರ ಅಂಚು ನೋಡಿ. ಮೇಲೆ ಹಸಿರು, ನಡುವೆ ಒಂದೆರಡು ಹಳೆಯ ಬಣ್ಣ, ತೀರಾ ಕೆಳಗೆ ಪ್ರೈಮರ್ ಕಾಣುತ್ತದೆ. ಆ ಕೆಳಗಿನದು ಇಟ್ಟಿಗೆಯ ಬಣ್ಣದ್ದಾದರೆ ರೆಡ್ ಆಕ್ಸೈಡ್, ಅಂದರೆ ಕಬ್ಬಿಣದ ಆಕ್ಸೈಡ್; ಆ ಬಣ್ಣ ಸೀಸದ್ದಲ್ಲ, ಆದರೂ ಅದರಲ್ಲಿ ಸತುವಿನ ಕ್ರೋಮೇಟ್ ಬೆರೆತಿರಬಹುದು. ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣವಾದರೆ ಅದು ಸೀಸದಿಂದಲೇ ಮಾಡಿದ ಹಳೆಯ ಕಾಲದ ಪ್ರೈಮರ್ ಇರಬಹುದು. ಹಳದಿಯಾಗಿದ್ದರೆ ಸತುವಿನ ಕ್ರೋಮೇಟ್ ಇರುವ ಸಾಧ್ಯತೆ ಇದೆ, ಅದರ ಧೂಳೂ ವಿಷವೇ. ಕುರ್ಚಿಗಳು ಹೊಸ ನಿಯಮದ ನಂತರದವು ನಿಜ. ಆದರೆ ಆ ನಿಯಮ ಕಾರ್ಖಾನೆ ಬಳಕೆಯ ಬಣ್ಣಗಳಿಗೆ ಅನ್ವಯಿಸುವುದಿಲ್ಲ, ವೆಲ್ಡಿಂಗ್ ಶೆಡ್‌ನಲ್ಲಿ ಯಾವ ಡಬ್ಬಿ ತೆರೆದಿದ್ದರೋ ಗೊತ್ತಾಗುವುದಿಲ್ಲ. ಅವುಗಳನ್ನೂ ಒದ್ದೆಯಾಗಿಯೇ ಉಜ್ಜಿ.

ಗಟ್ಟಿಯಾಗಿ ಅಂಟಿಕೊಂಡಿರುವ ಬಣ್ಣದಿಂದ ಅಪಾಯ ಕಡಿಮೆ. ಅಪಾಯ ಇರುವುದು ಧೂಳಿನಲ್ಲಿ ಮತ್ತು ಸುಟ್ಟಾಗ ಏಳುವ ಹೊಗೆಯಲ್ಲಿ. ಹೊಟ್ಟೆಗೆ ಹೋದ ಸೀಸದಲ್ಲಿ ದೊಡ್ಡವರ ದೇಹ ಹೀರುವುದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚು ಪಾಲನ್ನು ಚಿಕ್ಕ ಮಕ್ಕಳ ದೇಹ ಹೀರುತ್ತದೆ. ಗರ್ಭದಲ್ಲಿರುವ ಮಗುವಿಗೂ ತಾಯಿಯ ರಕ್ತದಿಂದ ದಾಟುತ್ತದೆ. ಇಷ್ಟರವರೆಗೆ ತೊಂದರೆಯಿಲ್ಲ ಎನ್ನುವ ಮಟ್ಟ ಯಾವುದೂ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿಮ್ಮ ಮಗ ಒಂದು ದಿನ ಅಂಗಳದ ಗಾಳಿಯಲ್ಲಿ ಸ್ವಲ್ಪ ಹೊತ್ತು ಉಜ್ಜಿದ್ದಕ್ಕೆ ಗಾಬರಿಯಾಗಬೇಡಿ. ಉಜ್ಜಿದ ಜಾಗವನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ, ಬಿದ್ದ ಚಕ್ಕೆಗಳನ್ನು ಹೆಕ್ಕಿ, ಅವನು ಹಾಕಿದ್ದ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ಮನಸ್ಸಿಗೆ ಸಮಾಧಾನವಾಗದಿದ್ದರೆ ಮಕ್ಕಳ ವೈದ್ಯರಿಗೆ ಹೇಳಿ ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿಸಬಹುದು.

ಒಂದೇ ಡಬ್ಬಿಯ ಬಣ್ಣ, ಮೂರು ಬಗೆಯ ಸೋಲು

ಮೂರಕ್ಕೂ ಒಂದೇ ಪ್ರೈಮರ್, ಒಂದೇ ಎನಾಮೆಲ್. ಮೂರೂ ಕೆಟ್ಟದ್ದು ಬೇರೆ ಬೇರೆ ರೀತಿಯಲ್ಲಿ. ಬಣ್ಣ ಕಳಪೆ ಎಂದು ಅಂಗಡಿಯವರನ್ನು ದೂರುವುದು ಸುಲಭ, ಆದರೆ ನೀವು ಬರೆದ ಲಕ್ಷಣಗಳು ಬೇರೆಯೇ ಹೇಳುತ್ತವೆ. ಮೂರೂ ಕಡೆ ಕಾರಣ ಇರುವುದು ಬಣ್ಣದ ಕೆಳಗೆ.

ಕುರ್ಚಿಯಿಂದ ಬಿದ್ದ ಚಕ್ಕೆಯ ಹಿಂಬದಿ ನುಣ್ಣಗೆ, ತುಕ್ಕಿಲ್ಲದೆ ಇರುತ್ತದೆ ನೋಡಿ. ಅದು ಬಿಟ್ಟುಹೋದ ಪೈಪ್ ಬೂದು ಬಣ್ಣಕ್ಕಿದ್ದು, ಅಲ್ಲಲ್ಲಿ ಬಿಳಿ ಪುಡಿ ಕೈಗೆ ಹತ್ತಿದರೆ ಅದು ಜಿಐ ಪೈಪ್, ಅಂದರೆ ಸತು ಲೇಪಿಸಿದ್ದು. ಮಾಮೂಲಿ ರೆಡ್ ಆಕ್ಸೈಡ್ ಮತ್ತು ಸಿಂಥೆಟಿಕ್ ಎನಾಮೆಲ್ ಎರಡರಲ್ಲೂ ಎಣ್ಣೆಯ ಅಂಶವಿರುವ ರಾಳ ಇರುತ್ತದೆ. ತೇವ ಸೇರಿದಾಗ ಸತುವಿನ ಮೇಲ್ಮೈ ಆ ರಾಳದೊಡನೆ ವರ್ತಿಸಿ ನಡುವೆ ಸಾಬೂನಿನ ತೆಳು ಪದರ ಕಟ್ಟುತ್ತದೆ. ಸಾಬೂನಿನ ಮೇಲೆ ಯಾವ ಬಣ್ಣವೂ ನಿಲ್ಲದು. ಎಷ್ಟೇ ಬೆಲೆಯ ಎನಾಮೆಲ್ ತಂದರೂ ಅದೇ ಆಗುತ್ತದೆ. ಇದು ಮೇಸ್ತ್ರಿಗಳೂ ಹೆಚ್ಚಾಗಿ ಗಮನಿಸದ ಸಂಗತಿ. ‘ಕಬ್ಬಿಣ ಅಂದ ಮೇಲೆ ರೆಡ್ ಆಕ್ಸೈಡ್’ ಎನ್ನುವ ರೂಢಿ ಅಷ್ಟು ಗಟ್ಟಿ.

ಕಬ್ಬಿಣದ ಬೆಂಚಿನದು ಉಪ್ಪಿನ ಕತೆ. ತುಕ್ಕಿನ ಗುಂಡಿಗಳೊಳಗೆ ಸಮುದ್ರದ ಉಪ್ಪು ಕೂತಿರುತ್ತದೆ. ಒಣಗಿದ ತಂತಿ ಬ್ರಷ್‌ನಿಂದ ಉಜ್ಜಿದರೆ ಮೇಲಿನ ತುಕ್ಕು ಹೋಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಬಣ್ಣದ ಪದರದ ಮೂಲಕವೂ ಅದು ತೇವವನ್ನು ಎಳೆದುಕೊಂಡು ಗುಳ್ಳೆ ಎಬ್ಬಿಸುತ್ತದೆ. ಗುಳ್ಳೆಗಳು ಎಲ್ಲೆಲ್ಲಿ ಎದ್ದಿವೆ ಗಮನಿಸಿ: ಮೂಲೆಯಾಕಾರದ ಕಬ್ಬಿಣದ ಆ್ಯಂಗಲ್‌ನ ಚೂಪು ಅಂಚು, ವೆಲ್ಡಿಂಗ್ ಗಂಟು, ಪಟ್ಟಿಯೂ ಆ್ಯಂಗಲ್ಲೂ ಕೂಡುವ ಸಂದು. ಅಂಚಿನ ಮೇಲಿಂದ ಹಸಿ ಬಣ್ಣ ಎರಡೂ ಬದಿಗೆ ಸರಿಯುತ್ತದೆ, ಅಲ್ಲಿ ಪದರ ಅರ್ಧಕ್ಕರ್ಧ ತೆಳುವಾಗುತ್ತದೆ.

ಮರದ ಬೆಂಚು ಅಂಟುವುದಕ್ಕೆ ಕಾರಣ ಗೇರೆಣ್ಣೆ. ಎನಾಮೆಲ್ ಒಣಗುವುದೆಂದರೆ ಬರೀ ಥಿನ್ನರ್ ಆರುವುದಲ್ಲ, ರಾಳವು ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗಬೇಕು. ಗೇರುಬೀಜದ ಸಿಪ್ಪೆಯ ಎಣ್ಣೆಯಲ್ಲಿರುವ ಫೀನಾಲ್‌ಗಳು ಆ ಕ್ರಿಯೆಯನ್ನು ತಡೆಯುತ್ತವೆ. ಸಾಗುವಾನಿಯ ಸ್ವಂತ ಎಣ್ಣೆಗೂ ಸ್ವಲ್ಪ ಮಟ್ಟಿಗೆ ಇದೇ ಗುಣವಿದೆ. ಎರಡೂ ಸೇರಿದ ಮೇಲೆ ಬಣ್ಣ ಎರಡು ವರ್ಷವಾದರೂ ಹಸಿಯಾಗಿ ಉಳಿದದ್ದು ಆಶ್ಚರ್ಯವಲ್ಲ.

ನಂಬಿಕೆಗಳ ಬಗ್ಗೆ

ತುಕ್ಕು ತೆಗೆಯಲು ಶೌಚಾಲಯ ತೊಳೆಯುವ ಆಸಿಡ್ ಸುರಿಯಿರಿ ಎಂದು ಹೇಳುವವರು ಬಹಳ. ತುಕ್ಕು ಕರಗುವುದು ನಿಜ, ಹತ್ತು ನಿಮಿಷದಲ್ಲಿ ಕಬ್ಬಿಣ ಹೊಳೆಯುತ್ತದೆ. ಆದರೆ ಅದು ಹೈಡ್ರೋಕ್ಲೋರಿಕ್ ಆಮ್ಲ. ಸಂದುಗಳಲ್ಲಿ ಕ್ಲೋರೈಡ್ ಬಿಟ್ಟುಹೋಗುತ್ತದೆ. ಸಮುದ್ರದ ಗಾಳಿ ತಂದು ಹಾಕುವುದೂ ಅದನ್ನೇ. ಸಂಜೆಯೊಳಗೆ ಹೊಸ ತುಕ್ಕಿನ ಹಳದಿ ಮೂಡಿರುತ್ತದೆ. ಉಳಿದ ಹಳೆಯ ಎಂಜಿನ್ ಆಯಿಲ್ ಅಥವಾ ಸೀಮೆಎಣ್ಣೆ ಒರೆಸಿ ಬಣ್ಣ ಹೊಡೆಯುವ ರೂಢಿಯೂ ಇದೆ. ಎಣ್ಣೆಯ ಮೇಲೆ ಪ್ರೈಮರ್ ಕೂರುವುದಿಲ್ಲ. ಎನಾಮೆಲ್ ತೆಳು ಮಾಡಲು ಸೀಮೆಎಣ್ಣೆ ಬೆರೆಸಿದರೆ ಹೊಳಪು ಹೋಗುತ್ತದೆ, ಒಣಗುವುದು ತಡವಾಗುತ್ತದೆ. ಪೆಟ್ರೋಲನ್ನಂತೂ ಮುಟ್ಟಲೇಬೇಡಿ.

ಹಳೆಯ ಬಣ್ಣವನ್ನೆಲ್ಲ ಬ್ಲೋಲ್ಯಾಂಪ್‌ನಿಂದ ಸುಟ್ಟು ತೆಗೆದರೇನೇ ಹೊಸದು ನಿಲ್ಲುತ್ತದೆ ಎಂಬುದು ಎಲ್ಲಕ್ಕಿಂತ ಕೆಟ್ಟ ಸಲಹೆ. ಸೀಸವಿರುವ ಬಣ್ಣವನ್ನು ಸುಟ್ಟರೆ ಅದು ಹೊಗೆಯಾಗಿ ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಗಟ್ಟಿಯಾಗಿ ಹಿಡಿದಿರುವ ಬಣ್ಣ ತಾನೇ ಒಳ್ಳೆಯ ತಳಪಾಯ. ಪುಟ್ಟಿ ಬ್ಲೇಡಿನ ಮೊನೆಗೆ ಏಳುವುದನ್ನು ಮಾತ್ರ ತೆಗೆದರೆ ಸಾಕು. ಗ್ರೈಂಡರಿಗೆ ಉಜ್ಜುವ ಬಿಲ್ಲೆ ಹಾಕುವುದೂ ಬೇಡ.

ಕಬ್ಬಿಣದ ಬೆಂಚು

ಬೆಂಚಿನಡಿ ಮತ್ತು ಸುತ್ತ ಆರಡಿಯವರೆಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಅಂಚನ್ನು ಮಡಚಿ ಕಲ್ಲಿಡಿ. ಬಾವಿ, ತುಳಸಿಕಟ್ಟೆ, ಬಟ್ಟೆ ಒಣಹಾಕುವ ಜಾಗಗಳಿಂದ ದೂರ ಇರಲಿ. ಎನ್95 ಮಾಸ್ಕ್ ಧೂಳನ್ನು ತಡೆಯುತ್ತದೆ, ಥಿನ್ನರಿನ ವಾಸನೆಯನ್ನು ತಡೆಯುವುದಿಲ್ಲ ಎಂಬುದು ನೆನಪಿರಲಿ. ನೀರು ಸಿಂಪಡಿಸುತ್ತಾ ಪುಟ್ಟಿ ಬ್ಲೇಡಿನಿಂದ ಸಡಿಲ ಚಕ್ಕೆ ತೆಗೆಯಿರಿ. ತುಕ್ಕಿನ ಜಾಗಗಳನ್ನು ಒದ್ದೆ ತಂತಿ ಬ್ರಷ್‌ನಿಂದ, ಆಮೇಲೆ 120 ನಂಬರಿನ, ನೀರಿನಲ್ಲಿ ನೆನೆಸಿ ಬಳಸುವ ಉಜ್ಜುಕಾಗದ ಅಂದರೆ ವಾಟರ್ ಪೇಪರ್‌ನಿಂದ ಉಜ್ಜಿ. ಉಳಿದ ಹಳೆಯ ಬಣ್ಣದ ಅಂಚನ್ನು 180 ನಂಬರಿನ ಕಾಗದದಿಂದ ಇಳಿಜಾರಾಗಿಸಿ, ಬೆರಳಾಡಿಸಿದರೆ ಮೆಟ್ಟಿಲು ತಾಗಬಾರದು. ಹೊಳೆಯುವ ಹಳೆಯ ಎನಾಮೆಲ್ ಇದ್ದಲ್ಲೆಲ್ಲ 220ರಿಂದ ಹೊಳಪು ಹೋಗುವಷ್ಟು ಮಾತ್ರ.

ಇನ್ನು ನಿಮ್ಮ ಊರಿನಲ್ಲಿ ಯಾರೂ ಬಿಡಬಾರದ ಹಂತ: ಬಾವಿಯ ಸಿಹಿನೀರು ಮತ್ತು ಬ್ರಷ್‌ನಿಂದ ತುಕ್ಕಿನ ಪ್ರತಿ ಗುಂಡಿಯನ್ನೂ ಎರಡು ಮೂರು ಸಲ ಉಜ್ಜಿ ತೊಳೆಯುವುದು. ಉಪ್ಪು ಹೋಗುವುದು ನೀರಿಗೆ ಮಾತ್ರ. ಕೊಳವೆಬಾವಿಯ ನೀರು ಸವುಳಾಗಿದ್ದರೆ ಅದು ಬೇಡ. ಹಾಳೆಯ ಮೇಲೆ ನಿಂತ ನೀರನ್ನು ಹಳೆಯ ಬಟ್ಟೆಯಲ್ಲಿ ಹೀರಿಸಿ ತೆಗೆಯಿರಿ, ತೆಂಗಿನ ಬುಡಕ್ಕೆ ಚೆಲ್ಲಬೇಡಿ. ಚಕ್ಕೆ, ಬಟ್ಟೆ, ಹಾಳೆ ಎಲ್ಲವನ್ನೂ ಚೀಲಕ್ಕೆ ತುಂಬಿ ಬಾಯಿ ಕಟ್ಟಿ. ಮನೆಗಳ ಅಪಾಯಕಾರಿ ಕಸವನ್ನು ಪುರಸಭೆ ಬೇರೆಯಾಗಿ ತೆಗೆದುಕೊಳ್ಳಬೇಕೆಂದು ಘನತ್ಯಾಜ್ಯ ನಿಯಮದಲ್ಲಿದೆ. ಕೊಡುವಾಗ ಬಣ್ಣದ ಕಸ ಎಂದು ಹೇಳಿ ಕೊಡಿ.

ಬರಿದಾದ ಕಬ್ಬಿಣ ಬಿಸಿಲಿನಲ್ಲಿ ಒಣಗಿದ ಕೂಡಲೇ, ಅದೇ ದಿನ ಪ್ರೈಮರ್ ಬೀಳಬೇಕು. ರಾತ್ರಿ ಬಿಟ್ಟರೆ ಬೆಳಗ್ಗೆ ಮತ್ತೆ ತುಕ್ಕಿನ ಪುಡಿ. ಹಳೆಯ ಬಣ್ಣ ಉಳಿಸಿಕೊಂಡಿರುವುದರಿಂದ ಇಲ್ಲಿ ಎಪಾಕ್ಸಿ ಪ್ರೈಮರ್ (ಎರಡು ದ್ರವ ಬೆರೆಸಿ ಬಳಿಯುವಂಥದ್ದು) ಬೇಡ, ಅದರ ತೀಕ್ಷ್ಣ ಥಿನ್ನರಿಗೆ ಹಳೆಯ ಎನಾಮೆಲ್ ಸುಕ್ಕುಗಟ್ಟಿ ಮೇಲೇಳುತ್ತದೆ. ಮಾಮೂಲಿ ಜಿಂಕ್ ಫಾಸ್ಫೇಟ್ ಪ್ರೈಮರ್ ತನ್ನಿ. ಸಿಗದಿದ್ದರೆ ರೆಡ್ ಆಕ್ಸೈಡ್ ಆದೀತು, ಉಪ್ಪುಗಾಳಿಗೆ ಫಾಸ್ಫೇಟೇ ಮೇಲು. ಮೊದಲು ಒಂದಂಗುಲದ ಬ್ರಷ್‌ನಿಂದ ಅಂಚು, ವೆಲ್ಡಿಂಗ್, ಬೋಲ್ಟಿನ ತಲೆ, ಬರಿದಾದ ಜಾಗ ಇಷ್ಟಕ್ಕೆ ಮಾತ್ರ ಒಂದು ಕೈ. ಮರುದಿನ ಇಡೀ ಬೆಂಚಿಗೆ ಇನ್ನೊಂದು ಕೈ. ಐದಡಿಯ ಬೆಂಚಿನ ಎಲ್ಲ ಬದಿ ಸೇರಿ ಸುಮಾರು 30 ಚದರಡಿ ಆದೀತು, 500 ಮಿ.ಲೀ. ಪ್ರೈಮರ್, 500 ಮಿ.ಲೀ. ಎನಾಮೆಲ್ ಸಾಕು. ಎನಾಮೆಲ್ ಎರಡು ಕೈ, ನಡುವೆ ಒಂದು ರಾತ್ರಿ ಬಿಡಿ, 320ರಿಂದ ಒದ್ದೆಯಾಗಿ ಮೆಲ್ಲಗೆ ಉಜ್ಜಿ. ಟರ್ಪೆಂಟೈನ್ ನೂರಕ್ಕೆ ಹತ್ತರ ಮೇಲೆ ಬೆರೆಸಬೇಡಿ. ಒಂದೇ ದಪ್ಪ ಕೈಯಲ್ಲಿ ಮುಗಿಸಲು ಹೋದರೆ ಮೇಲೆ ಕೆನೆ ಕಟ್ಟಿ ಒಳಗೆ ಹಸಿ ಉಳಿಯುತ್ತದೆ, ಆಮೇಲೆ ಸುಕ್ಕು.

ತುಕ್ಕು ತಿಂದು ಪಟ್ಟಿ ಎಲ್ಲಾದರೂ ತಗಡಿನಷ್ಟು ತೆಳುವಾಗಿದ್ದರೆ ಬಣ್ಣದ ಮಾತು ಬಿಟ್ಟು ಮೊದಲು ಹೊಸ ಪಟ್ಟಿ ವೆಲ್ಡ್ ಮಾಡಿಸಿ. ಆ ಜಾಗದ ಬಣ್ಣವನ್ನು ನಾಲ್ಕಂಗುಲ ದೂರದವರೆಗೆ ಒದ್ದೆಯಾಗಿ ಕೆರೆದು ಕೊಡಿ, ಇಲ್ಲದಿದ್ದರೆ ವೆಲ್ಡರ್ ಸೀಸದ ಹೊಗೆ ಕುಡಿಯುತ್ತಾನೆ. ಪೌಡರ್ ಕೋಟಿಂಗ್ (ಬಣ್ಣದ ಪುಡಿ ಹಿಡಿಸಿ ಕಾಯಿಸುವ ಲೇಪ) ಮಾಡಿಸಬಹುದೇ ಎಂಬ ಯೋಚನೆ ಬಂದೀತು. ಅದಕ್ಕೆ ಹಳೆಯ ಬಣ್ಣ ಪೂರ್ತಿ ಹೋಗಬೇಕು, ಮರಳು ಹೊಡೆದು ತೆಗೆಯುವಾಗ ಸೀಸದ ಧೂಳು ಆ ಕೆಲಸಗಾರರ ಮೈಮೇಲೆ. ಸಂದುಗಳಿರುವ ಹಳೆಯ ಬೆಂಚಿಗೆ ಕರಾವಳಿಯಲ್ಲಿ ನಾನು ಅದನ್ನು ಹೇಳುವುದಿಲ್ಲ. ಒಂದು ಕಡೆ ಚಕ್ಕೆ ಹಾರಿದರೆ ತುಕ್ಕು ಒಳಗೊಳಗೇ ಹರಡುತ್ತದೆ, ಮನೆಯಲ್ಲಿ ತೇಪೆ ಹಾಕುವುದೂ ಕಷ್ಟ.

ಪೈಪ್ ಕುರ್ಚಿಗಳು: ಮಕ್ಕಳ ಪಾಲು

ಇವುಗಳ ಬಣ್ಣ ಪೂರ್ತಿ ಹೋಗಬೇಕು, ತೆಗೆಯುವುದು ದೊಡ್ಡವರ ಕೆಲಸವೇ. ತಾನಾಗಿ ಕಳಚುತ್ತಿರುವುದರಿಂದ ಸುಲಭ. ಆದರೆ ತಂತಿ ಬ್ರಷ್ ಬೇಡ, ಸತುವಿನ ಲೇಪವೇ ಕುರ್ಚಿಯ ರಕ್ಷಣೆ. ಪಾತ್ರೆ ತಿಕ್ಕುವ ಹಸಿರು ನೈಲಾನ್ ಸ್ಕ್ರಬರ್, ಪಾತ್ರೆ ಸೋಪು, ನೀರು ಇಷ್ಟರಿಂದ ಬಿಳಿ ಪುಡಿ ಹೋಗುವವರೆಗೆ ತಿಕ್ಕಿ, ತೊಳೆದು ಒಣಗಿಸಿ, ಕೊನೆಗೆ ಥಿನ್ನರ್ ಬಟ್ಟೆಯಲ್ಲಿ ಒರೆಸಿ. ಕಾಲಿನ ಪ್ಲಾಸ್ಟಿಕ್ ಬುಷ್ ಕಳಚಿ ನೋಡಿ, ಒಳಗೆ ನೀರು ನಿಂತು ಪೈಪ್ ಒಳಗಿಂದಲೇ ಕೊಳೆಯುವುದು ಸಾಮಾನ್ಯ. ಬುಷ್‌ಗೆ 4 ಮಿ.ಮೀ.ನ ತೂತು ಕೊರೆದು ಹಾಕಿ.

ಇಲ್ಲಿ ಬೇಕಾದದ್ದು ಎರಡು ಡಬ್ಬಿಯ ಎಪಾಕ್ಸಿ ಪ್ರೈಮರ್. ಡಬ್ಬಿಯ ಮೇಲಿನ ಅಳತೆಯಂತೆ, ಆ ಹೊತ್ತಿಗೆ ಬೇಕಾದಷ್ಟೇ ಬೆರೆಸಿ; ಕೆಲವೇ ಗಂಟೆಗಳಲ್ಲಿ ಉಳಿದದ್ದು ಕಲ್ಲಾಗುತ್ತದೆ. ಗಟ್ಟಿಗೊಳಿಸುವ ದ್ರವ ಚರ್ಮಕ್ಕೆ ತಾಗಿ ಅಲರ್ಜಿ ತರುವುದುಂಟು, ಆದ್ದರಿಂದ ನೈಟ್ರೈಲ್ ಗ್ಲೌಸ್ ಹಾಕಿ ದೊಡ್ಡವರೇ ಬಳಿಯಿರಿ. ಒಂದು ದಿನದ ನಂತರ ಮೇಲಿನ ಬಣ್ಣ ಬೀಳಬೇಕು. ಬಹಳ ದಿನ ಬಿಟ್ಟರೆ ಪ್ರೈಮರ್ ಗಾಜಿನಷ್ಟು ಗಟ್ಟಿಯಾಗಿ ಹಿಡಿತ ಕೊಡುವುದಿಲ್ಲ, ಮತ್ತೆ 320ರಿಂದ ಉಜ್ಜಬೇಕಾಗುತ್ತದೆ.

ಮೇಲಿನ ಬಣ್ಣಕ್ಕೆ ನೀರಿನಲ್ಲಿ ಬೆರೆಯುವ ಅಕ್ರಿಲಿಕ್ ಎನಾಮೆಲ್ ತನ್ನಿ, ಎರಡು ಕುರ್ಚಿಗೆ 500 ಮಿ.ಲೀ. ಸಾಕು. ಥಿನ್ನರಿನ ವಾಸನೆ ಇಲ್ಲ, ಬ್ರಷ್ ನೀರಿನಲ್ಲೇ ತೊಳೆಯಬಹುದು, ನಾಲ್ಕು ಗಂಟೆಗೆ ಎರಡನೇ ಕೈ. ಇದನ್ನು ಹನ್ನೊಂದರ ಮಗ ನಿಶ್ಚಿಂತೆಯಿಂದ ಮಾಡಬಹುದು. ಕುರ್ಚಿಯನ್ನು ತಲೆಕೆಳಗಾಗಿ ಇಟ್ಟು ಕಾಲಿನಿಂದ ಶುರುಮಾಡಲಿ, ಬ್ರಷ್‌ನ ಮೂರನೇ ಒಂದು ಭಾಗ ಮಾತ್ರ ಅದ್ದಲಿ. ಪೈಪಿನ ಕೆಳಮೈಯಲ್ಲಿ ಹನಿ ಇಳಿಯುವುದು ಎಲ್ಲರಿಗೂ ಆಗುತ್ತದೆ, ಐದು ನಿಮಿಷಕ್ಕೊಮ್ಮೆ ಕೆಳಗಿಂದ ನೋಡಿ ಒಣ ಬ್ರಷ್‌ನಿಂದ ಎಳೆದರೆ ಮುಗಿಯಿತು. ಆರು ವರ್ಷದ ಮಗುವಿಗೆ ಕುರ್ಚಿಗಿಂತ ಹೂಕುಂಡಗಳೇ ಒಳ್ಳೆಯವು. ಹೊಸ ಮಣ್ಣಿನ ಕುಂಡಕ್ಕೆ ಕೆಮ್ಮಣ್ಣು, ಅದರ ಮೇಲೆ ಸುಣ್ಣದ ಬದಲು ಬಿಳಿ ಪೋಸ್ಟರ್ ಬಣ್ಣದ ಚುಕ್ಕಿ. ಸುಣ್ಣ ಕಣ್ಣಿಗೆ ಹಾರಿದರೆ ಅಪಾಯ.

ಮರದ ಬೆಂಚಿನ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ: ಇರುವ ಬಣ್ಣ ತೆಗೆಯಿರಿ, ಮತ್ತೆ ಬಳಿಯಬೇಡಿ. ಅಂಟುವ ಬಣ್ಣ ಪುಟ್ಟಿ ಬ್ಲೇಡಿಗೆ ಸಲೀಸಾಗಿ ಬರುತ್ತದೆ, ಉಳಿದದ್ದನ್ನು ಟರ್ಪೆಂಟೈನ್ ಬಟ್ಟೆಯಿಂದ ಒರೆಸಿ, 80 ಮತ್ತು 120ರ ಕಾಗದದಿಂದ ನಾರಿನ ಉದ್ದಕ್ಕೆ ಉಜ್ಜಿ. ನಿಮ್ಮ ತಂದೆಯವರ ಪದ್ಧತಿ ಆ ಮರಕ್ಕೆ ಸರಿಯಾಗಿಯೇ ಇತ್ತು. ಎಣ್ಣೆ ಹಚ್ಚಿದ ಮರ ಸಿಪ್ಪೆ ಏಳುವುದಿಲ್ಲ, ಬಣ್ಣ ಮಾಸಿದಾಗ ಮತ್ತೊಂದು ಕೈ ಹಚ್ಚಿದರಾಯಿತು. ಗೇರೆಣ್ಣೆಯೇ ಆದರೆ ಹಸಿ ಎಣ್ಣೆ ಚರ್ಮವನ್ನು ಸುಟ್ಟು ಬೊಬ್ಬೆ ಎಬ್ಬಿಸುತ್ತದೆ, ಮಕ್ಕಳು ಹತ್ತಿರ ಬರಬಾರದು, ಪೂರ್ತಿ ಒಣಗುವವರೆಗೆ ಯಾರೂ ಕೂರಬಾರದು. ಮಕ್ಕಳಿರುವ ಮನೆಗೆ ಅಂಗಡಿಯಲ್ಲಿ ‘ಬಾಯ್ಲ್ಡ್’ ಎಂದು ಸಿಗುವ ಅಗಸೆ ಎಣ್ಣೆ ಮೇಲು. ತೆಳುವಾಗಿ ಹಚ್ಚಿ ಅರ್ಧ ಗಂಟೆಗೆ ಹೆಚ್ಚಿನದನ್ನು ಒರೆಸಿ ತೆಗೆಯಿರಿ. ಮಳೆಗಾಲದಲ್ಲಿ ಅದರ ಮೇಲೆ ಕಪ್ಪು ಬೂಷ್ಟು ಬರುವುದುಂಟು, ಸೋಪುನೀರಿಗೆ ಹೋಗುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದುಡಿ ಮೂಲೆಗೆ ಎಸೆದರೆ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ನೀರಿನಲ್ಲಿ ನೆನೆಸಿಡಿ, ಇಲ್ಲವೇ ಹೊರಗೆ ಒಂಟಿಯಾಗಿ ಹರವಿ ಒಣಗಿಸಿ. ನಾಲ್ಕು ಕಾಲುಗಳನ್ನೂ ಎಣ್ಣೆ ತುಂಬಿದ ತೆಂಗಿನ ಕರಟದಲ್ಲಿ ಹತ್ತು ನಿಮಿಷ ನಿಲ್ಲಿಸಿ. ಮರ ನೀರು ಕುಡಿಯುವುದು ಕಾಲಿನ ತುದಿಯಿಂದಲೇ.

ಬಣ್ಣವೇ ಬೇಕೆಂದಿದ್ದರೆ ಅಡಿಭಾಗದಲ್ಲಿ ಒಂದು ಗೇಣು ಜಾಗಕ್ಕೆ ಅರಗಿನ ಪಾಲಿಶ್ ಎರಡು ಕೈ, ಅದರ ಮೇಲೆ ಎನಾಮೆಲ್ ಕೊಟ್ಟು ಒಂದು ವಾರ ಕಾಯಿರಿ. ಉಗುರು ಒತ್ತಿದರೆ ಗುರುತು ಬೀಳುವಂತಿದ್ದರೆ ಆಸೆ ಬಿಡಿ.

ಯಾವಾಗ?

ದಸರಾ ರಜೆಯಲ್ಲಿ ಮಾಡೋಣ ಎಂದು ಅನಿಸುವುದು ಸಹಜ, ಆದರೆ ಆಗ ನಿಮ್ಮಲ್ಲಿ ಮಧ್ಯಾಹ್ನದ ಗುಡುಗು ಮಳೆ ಹೋಗಿರುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಬ್ಬಿಣ ಕೈ ಇಡಲಾಗದಷ್ಟು ಕಾಯುತ್ತದೆ, ಬಣ್ಣ ಹರಡುವ ಮೊದಲೇ ಬ್ರಷ್‌ಗೆ ಎಳೆಯುತ್ತದೆ. ನವೆಂಬರ್ ನಡುವಿನಿಂದ ಫೆಬ್ರವರಿವರೆಗಿನ ಕಾಲ ಸರಿ. ಕ್ರಿಸ್ಮಸ್ ಹೊತ್ತಿನ ರಜೆಗೆ ಮಕ್ಕಳ ಪಾಲಿನ ಕೆಲಸ ಬರುವಂತೆ, ಉಜ್ಜುವುದನ್ನೂ ಎಪಾಕ್ಸಿಯನ್ನೂ ಅದರ ಹಿಂದಿನ ಶನಿವಾರ, ಭಾನುವಾರ ಮುಗಿಸಿ. ಬೆಳಗ್ಗೆ ಇಬ್ಬನಿ ಆರಿ, ಕಬ್ಬಿಣ ಮುಟ್ಟಿದರೆ ತಣ್ಣಗೆ ಒದ್ದೆ ಎನಿಸದ ಮೇಲೆ ಶುರುಮಾಡಿ. ಮಧ್ಯಾಹ್ನ ಮೂರಕ್ಕೆ ಬ್ರಷ್ ಕೆಳಗಿಡಿ. ಹಸಿ ಎನಾಮೆಲ್ ಮೇಲೆ ಸಂಜೆಯ ಇಬ್ಬನಿ ಬಿದ್ದರೆ ಮರುದಿನ ಬಿಳಿ ಮಂಕು ಕವಿದಿರುತ್ತದೆ, ಅದು ಒರೆಸಿದರೆ ಹೋಗುವುದಿಲ್ಲ.

ಮುಟ್ಟಲು ಒಣಗಿದ್ದರೂ ಎನಾಮೆಲ್ ಒಳಗೆ ಗಟ್ಟಿಯಾಗಲು ಒಂದು ವಾರ ಬೇಕು. ಅಲ್ಲಿಯವರೆಗೆ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಬೇಡಿ, ಬೆಂಚಿನ ಮೇಲೆ ಪ್ಲಾಸ್ಟಿಕ್ ಹೊದಿಸಬೇಡಿ, ಪೇಪರ್ ಹಾಸಿ ಕೂತರೆ ಅಕ್ಷರ ಅಂಟುತ್ತವೆ. ಉಳಿದ ಎನಾಮೆಲ್‌ನಲ್ಲಿ 100 ಮಿ.ಲೀ.ಯನ್ನು ಚಿಕ್ಕ ಗಾಜಿನ ಸೀಸೆಯಲ್ಲಿ ಬಾಯಿತುಂಬ ತುಂಬಿಸಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಒಳಗೆ ಗಾಳಿ ಉಳಿದರೆ ಕೆನೆ ಕಟ್ಟುತ್ತದೆ. ಮುಂದಿನ ಮಳೆಗಾಲ ಮುಗಿದ ಮೇಲೆ ಬೆಂಚಿನ ಅಂಚಿನಲ್ಲಿ ಕಂದು ಚುಕ್ಕೆ ಕಂಡಲ್ಲಿ ಸಿಹಿನೀರಿನಿಂದ ತೊಳೆದು, ಒದ್ದೆಯಾಗಿಯೇ ಉಜ್ಜಿ, ಆ ಕಾಸಿನಗಲ ಜಾಗಕ್ಕೆ ಪ್ರೈಮರ್ ಮತ್ತು ಬಣ್ಣ ಮುಟ್ಟಿಸಿ.